ಮಂಟಪದ ಪರದೆಗೆ ಜೋಡಿಸುವ ಲ್ಯಾಪ್‌ಟಾಪ್: ವಿಡಿಯೊ ಪ್ಲೇಯರ್‌ನ ಭದ್ರತಾ ದೋಷ ಸರಿಪಡಿಸುವುದು ಹೇಗೆ

ಬಳ್ಳಾರಿ, ಸಿಂಧನೂರು, ಗಂಗಾವತಿಯ ಕಲ್ಯಾಣ ಮಂಟಪಗಳಲ್ಲಿ ಎಲ್‌ಇಡಿ ವಾಲ್‌ಗೆ ಜೋಡಿಸಿದ ಲ್ಯಾಪ್‌ಟಾಪ್‌ಗೆ ಮದುವೆ ಸೀಜನ್ನಿನಲ್ಲಿ ದಿನಕ್ಕೊಬ್ಬರ ಪೆನ್‌ಡ್ರೈವ್ ಬೀಳುತ್ತದೆ. ಪ್ರೀ ವೆಡ್ಡಿಂಗ್ ವಿಡಿಯೊ ಗಂಡಿನ ಕಡೆಯವರದು, ಡ್ಯಾನ್ಸಿನ ಹಾಡು ಹೆಣ್ಣಿನ ಕಡೆಯವರದು, ಮಧ್ಯೆ ಯಾರೋ ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದ ತುಣುಕು. ಆ ಲ್ಯಾಪ್‌ಟಾಪ್‌ನಲ್ಲಿ ಆ್ಯಂಟಿವೈರಸ್ ಇರಬಹುದು, ಆದರೆ ವಿಡಿಯೊ ಪ್ಲೇಯರ್ ಮಾತ್ರ ಹಾಕಿದ ದಿನದ್ದೇ ಇರುತ್ತದೆ. ಅಪಾಯ ಇರುವುದೇ ಅಲ್ಲಿ. ಆ್ಯಂಟಿವೈರಸ್ ಹೆಚ್ಚಾಗಿ ಹಿಡಿಯುವುದು ಮೊದಲೇ ಗುರುತಾದ ಕೆಟ್ಟ ಫೈಲುಗಳನ್ನು. ಹೊಸದಾಗಿ ತಿರುಚಿದ ಎಂಕೆವಿ ವಿಡಿಯೊ ಫೈಲು ಅದರ ಕಣ್ಣಿಗೆ ಬರೀ ಸಿನಿಮಾ.

ದೋಷ ಹುಟ್ಟುವ ಬಗೆ ಇದು. ಫೈಲಿನ ತಲೆಭಾಗದಲ್ಲಿ ಚಿತ್ರದ ಅಗಲ, ಎತ್ತರ ಬರೆದಿರುತ್ತದೆ. ಪ್ಲೇಯರ್ ಅದನ್ನು ನಂಬಿ ಮೆಮೊರಿಯಲ್ಲಿ ಜಾಗ ಕಾಯ್ದಿರಿಸುತ್ತದೆ. ಅಗಲ 65,536, ಎತ್ತರ 16,384, ಪಿಕ್ಸೆಲ್‌ಗೆ 4 ಬೈಟ್ ಎಂದು ಯಾರಾದರೂ ಸುಳ್ಳು ಬರೆದರೆ ಗುಣಾಕಾರ 4,29,49,67,296 ಆಗುತ್ತದೆ. 32 ಬಿಟ್‌ನಲ್ಲಿ ಹಿಡಿಯುವ ಗರಿಷ್ಠ ಸಂಖ್ಯೆ ಇದಕ್ಕಿಂತ ಒಂದು ಕಡಿಮೆ. ಹಾಗಾಗಿ ಲೆಕ್ಕ ಉರುಳಿ ಸೊನ್ನೆಗೆ ಬರುತ್ತದೆ. ಲೆಕ್ಕ ಹೀಗೆ ಮೀರಿತೇ ಎಂದು ನೋಡಲು ಮರೆತ ಕೋಡ್ ಏನೂ ಜಾಗ ಕಾಯ್ದಿರಿಸದೆ ಚಿತ್ರವನ್ನು ಬರೆಯಲು ಶುರು ಮಾಡುತ್ತದೆ, ಪಕ್ಕದ ಮೆಮೊರಿಯೆಲ್ಲ ಅಳಿಸಿಹೋಗುತ್ತದೆ. ನಸೀಬು ಚೆನ್ನಾಗಿದ್ದರೆ ಪ್ಲೇಯರ್ ಮುಚ್ಚಿಕೊಳ್ಳುತ್ತದೆ. ಫೈಲು ಮಾಡಿದವನು ಬಲ್ಲವನಾಗಿದ್ದರೆ ಅವನ ಕೋಡ್ ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಓಡುತ್ತದೆ.

ಬರೀ ವಿಡಿಯೊ ಅಲ್ಲ, ಸಬ್‌ಟೈಟಲ್ ಕೂಡ ದಾರಿಯಾಗುತ್ತದೆ. 2017ರ ಮೇ ತಿಂಗಳಲ್ಲಿ ಚೆಕ್ ಪಾಯಿಂಟ್ ಎಂಬ ಸೈಬರ್ ಭದ್ರತಾ ಕಂಪನಿಯ ಸಂಶೋಧಕರು ವಿಎಲ್‌ಸಿ, ಕೋಡಿ, ಪಾಪ್‌ಕಾರ್ನ್ ಟೈಮ್, ಸ್ಟ್ರೀಮಿಯೊ ಈ ನಾಲ್ಕು ಪ್ಲೇಯರ್‌ಗಳಲ್ಲೂ ಸಬ್‌ಟೈಟಲ್ ಫೈಲಿನ ಮೂಲಕ ನುಗ್ಗಬಹುದೆಂದು ತೋರಿಸಿದರು. ವಿಎಲ್‌ಸಿ 2.2.5.1 ಮತ್ತು ಕೋಡಿ 17.2ರಲ್ಲಿ ಅದಕ್ಕೆ ಪರಿಹಾರ ಬಂತು. ಈಗಲೂ 2.2 ಸರಣಿಯ ವಿಎಲ್‌ಸಿ ಇಟ್ಟುಕೊಂಡ ಲ್ಯಾಪ್‌ಟಾಪ್ ಇದ್ದರೆ ಈ ಲೇಖನ ಪಕ್ಕಕ್ಕಿಟ್ಟು ಮೊದಲು ಅದನ್ನು ಅಪ್‌ಡೇಟ್ ಮಾಡಿ ಬನ್ನಿ.

ಮೊದಲು ಎಲ್ಲೆಲ್ಲಿ ಪ್ಲೇಯರ್ ಇದೆ ಎಂದು ಹುಡುಕಿ

ಅರ್ಧಕ್ಕಿಂತ ಹೆಚ್ಚು ಕೆಲಸ ಇದೇ. ಡೆಸ್ಕ್‌ಟಾಪ್ ಮೇಲಿನ ವಿಎಲ್‌ಸಿ ಒಂದನ್ನೇ ಅಪ್‌ಡೇಟ್ ಮಾಡಿ ಮುಗಿಯಿತು ಅನ್ನುವವರೇ ಜಾಸ್ತಿ. ಆದರೆ ಪ್ರತಿಗಳು ಹಲವು ಕಡೆ ಅಡಗಿರುತ್ತವೆ.

64 ಬಿಟ್ ವಿಂಡೋಸ್‌ನ ಸಿ ಡ್ರೈವ್‌ನಲ್ಲಿ ಪ್ರೋಗ್ರಾಂ ಫೈಲ್ಸ್ ಎಂಬ ಫೋಲ್ಡರ್ ಎರಡಿವೆ. x86 ಎಂದು ಗುರುತು ಇರುವುದರಲ್ಲಿ 32 ಬಿಟ್ ಪ್ರತಿ, ಇನ್ನೊಂದರಲ್ಲಿ 64 ಬಿಟ್ ಪ್ರತಿ. ಎರಡರಲ್ಲೂ ವಿಡಿಯೊಲ್ಯಾನ್ (ವಿಎಲ್‌ಸಿ ತಯಾರಿಸುವ ಸಂಸ್ಥೆ) ಫೋಲ್ಡರ್ ಇದ್ದರೆ ಹಳೆಯದನ್ನು ಕಂಟ್ರೋಲ್ ಪ್ಯಾನೆಲ್‌ನಿಂದ ತೆಗೆದುಹಾಕಿ. ಪೆನ್‌ಡ್ರೈವ್‌ನಲ್ಲಿಟ್ಟ ಪೋರ್ಟೆಬಲ್ (ಇನ್‌ಸ್ಟಾಲ್ ಮಾಡದೆ ನೇರವಾಗಿ ಓಡುವ) ಪ್ರತಿಯನ್ನೂ ಮರೆಯಬೇಡಿ. ಲ್ಯಾಪ್‌ಟಾಪ್‌ನಲ್ಲಿ ಹಾಕಿದ ಪ್ಲೇಯರ್ ಅಪ್‌ಡೇಟ್ ಆದರೂ ಅದು ಹಳೆಯದಾಗಿಯೇ ಉಳಿಯುತ್ತದೆ.

ಎಡಿಟಿಂಗ್, ವಿಡಿಯೊ ಕನ್ವರ್ಟರ್, ಪರದೆ ನಿಯಂತ್ರಣದ ಸಾಫ್ಟ್‌ವೇರ್‌ಗಳು ಬಹಳಷ್ಟು ಸಲ ವಿಡಿಯೊ ಓದುವ ಎಫ್‌ಎಫ್‌ಎಂಪೆಗ್ ಎಂಬ ಲೈಬ್ರರಿಯನ್ನು (ಸಿದ್ಧ ಕೋಡ್‌ನ ಕಟ್ಟು) ತಮ್ಮೊಳಗೇ ಇಟ್ಟುಕೊಂಡಿರುತ್ತವೆ. ಫೈಲ್ ಎಕ್ಸ್‌ಪ್ಲೋರರ್‌ನಲ್ಲಿ ಸಿ ಡ್ರೈವ್ ತೆರೆದು ಎವಿಕೋಡೆಕ್ (avcodec) ಎಂಬ ಇಂಗ್ಲಿಷ್ ಹೆಸರಿನಿಂದ ಹುಡುಕಿ. ಸಿಕ್ಕ ಡಿಎಲ್‌ಎಲ್ (ಲೈಬ್ರರಿ) ಫೈಲಿನ ಹೆಸರಿನಲ್ಲೇ ಒಂದು ಸಂಖ್ಯೆ ಇರುತ್ತದೆ: 57 ಅಂದರೆ ಎಫ್‌ಎಫ್‌ಎಂಪೆಗ್ 3 ಸರಣಿ, 58 ಅಂದರೆ 4, 59 ಅಂದರೆ 5, 60 ಅಂದರೆ 6, 61 ಅಂದರೆ 7. ಅದರ ಪ್ರಾಪರ್ಟೀಸ್‌ನ ಡೀಟೇಲ್ಸ್‌ನಲ್ಲಿ ಪೂರ್ತಿ ಆವೃತ್ತಿ ಕಾಣುತ್ತದೆ. 57 ಕಂಡರೆ ಆ ಸಾಫ್ಟ್‌ವೇರ್ ಬಹಳ ವರ್ಷ ಹಿಂದೆ ಬಿದ್ದಿದೆ ಎಂದೇ ಅರ್ಥ. ಬೇರೆ ಕಡೆಯಿಂದ ಹೊಸ ಡಿಎಲ್‌ಎಲ್ ತಂದು ಅದರ ಜಾಗಕ್ಕೆ ಹಾಕಲು ಹೋಗಬೇಡಿ. ಸರಣಿ ಬದಲಾದರೆ ಒಳಗಿನ ರಚನೆಯೂ ಬದಲಾಗಿರುತ್ತದೆ, ಸಾಫ್ಟ್‌ವೇರ್ ತೆರೆಯುವುದೇ ಇಲ್ಲ. ತಯಾರಕರಿಂದ ಹೊಸ ಆವೃತ್ತಿ ತರಿಸಿ, ಇಲ್ಲದಿದ್ದರೆ ಗಿರಾಕಿಯ ಫೈಲನ್ನು ಅದರಲ್ಲಿ ತೆರೆಯುವುದನ್ನು ನಿಲ್ಲಿಸಿ.

ಈ ಒಳಗಿನ ಲೈಬ್ರರಿಯ ತೊಂದರೆ ಬಲ್ಲವರನ್ನೂ ದಾರಿ ತಪ್ಪಿಸಿದೆ. 2019ರ ಜುಲೈನಲ್ಲಿ ಸಿವಿಇ-2019-13615 ಎಂಬ ಗುರುತು ಸಂಖ್ಯೆಯ ದೋಷ ವಿಎಲ್‌ಸಿಯದೇ ಎಂದು ಜರ್ಮನಿ ಸರ್ಕಾರದ ಸೈಬರ್ ಭದ್ರತಾ ತಂಡ ಸರ್ಟ್-ಬುಂಡ್ ಎಚ್ಚರಿಕೆ ಕೊಟ್ಟಿತು. ನೋಡಿದರೆ ದೋಷ ಇದ್ದದ್ದು ಲಿಬ್‌ಇಬಿಎಂಎಲ್ ಎಂಬ ಹೊರಗಿನ ಲೈಬ್ರರಿಯಲ್ಲಿ. ಅದು 1.3.6ರಲ್ಲೇ ಸರಿಯಾಗಿತ್ತು. ವಿಎಲ್‌ಸಿಯವರು 3.0.3ರಿಂದಲೇ ಸರಿಯಾದದ್ದನ್ನು ಜೊತೆಗೆ ಕೊಡುತ್ತಿದ್ದರು. ವರದಿ ಮಾಡಿದವರ ಉಬುಂಟು 18.04 ಲಿನಕ್ಸ್‌ನಲ್ಲಿ ಹಳೆಯ ಲೈಬ್ರರಿ ಉಳಿದುಕೊಂಡಿತ್ತು. ಲಿನಕ್ಸ್ ಬಳಸುವವರು ವಿಎಲ್‌ಸಿ ಒಂದನ್ನೇ ಏರಿಸದೆ ಎಲ್ಲ ಪ್ಯಾಕೇಜ್‌ಗಳನ್ನೂ ಏರಿಸಬೇಕೆನ್ನುವುದು ಇದಕ್ಕೇ. ಸ್ನ್ಯಾಪ್ ಅಥವಾ ಫ್ಲ್ಯಾಟ್‌ಪ್ಯಾಕ್ ಎಂಬ ಬೇರೆ ಪ್ಯಾಕೇಜ್ ವ್ಯವಸ್ಥೆಯಿಂದ ಹಾಕಿದ ಪ್ರತಿ, ಪ್ಯಾಕೇಜ್ ಏರಿಸುವ ಆಪ್ಟ್ ಕಮಾಂಡ್‌ಗೆ ಸಿಗುವುದಿಲ್ಲ, ಅದನ್ನು ಬೇರೆಯಾಗಿ ಅಪ್‌ಡೇಟ್ ಮಾಡಬೇಕು.

ತರುವುದು, ಪರೀಕ್ಷಿಸುವುದು, ಹಾಕುವುದು

ವಿಎಲ್‌ಸಿಯ ಹೆಲ್ಪ್ ಮೆನುವಿನಲ್ಲಿ ಅಬೌಟ್ ಒತ್ತಿದರೆ ಆವೃತ್ತಿ ಕಾಣುತ್ತದೆ. 3.0.21ಕ್ಕಿಂತ ಕೆಳಗಿದ್ದರೆ ಏರಿಸಲೇಬೇಕು. ಎಂಎಂಎಸ್ ಎಂಬ ಹಳೆಯ ಬಗೆಯ ಇಂಟರ್ನೆಟ್ ವಿಡಿಯೊ ಸ್ಟ್ರೀಮ್ ಓದುವ ಭಾಗದ ದೋಷಗಳು 3.0.20 ಮತ್ತು 3.0.21ರಲ್ಲಿ ಸರಿಯಾದವು. ಆಮೇಲೆ ಬಂದ ಇತ್ತೀಚಿನ ಆವೃತ್ತಿ ಇದ್ದರೆ ಅದನ್ನೇ ಹಾಕಿ. ಪ್ರತಿ ಆವೃತ್ತಿಯಲ್ಲಿ ಯಾವ ದೋಷ ಮುಚ್ಚಿತೆಂದು ವಿಡಿಯೊಲ್ಯಾನ್ ತನ್ನ ತಾಣದ ಸೆಕ್ಯುರಿಟಿ ಪುಟದಲ್ಲಿ ಬರೆಯುತ್ತದೆ.

ಇನ್‌ಸ್ಟಾಲರ್ ವಿಡಿಯೊಲ್ಯಾನ್ ತಾಣದಿಂದಲೇ ಬರಬೇಕು. 2022ರಲ್ಲಿ ಆ ತಾಣ ಭಾರತದಲ್ಲಿ ಬಹಳ ತಿಂಗಳು ತೆರೆಯುತ್ತಿರಲಿಲ್ಲ, ನವೆಂಬರ್‌ನಲ್ಲಿ ಮತ್ತೆ ತೆರೆಯಿತು. ಆ ಹೊತ್ತಿನಲ್ಲಿ ಎಲ್ಲೆಲ್ಲಿಂದಲೋ ಇಳಿಸಿದ ಪ್ರತಿ ಹಾರ್ಡ್ ಡಿಸ್ಕ್‌ನಲ್ಲಿ ಉಳಿದಿದ್ದರೆ ಅಳಿಸಿ. ಹೊಸದು 50 ಎಂಬಿಯೊಳಗೇ ಇದೆ, ಮೊಬೈಲ್ ಹಾಟ್‌ಸ್ಪಾಟ್‌ನಲ್ಲೂ ಇಳಿಯುತ್ತದೆ.

ಇಳಿಸಿದ ಮೇಲೆ ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್‌ನ ಡಿಜಿಟಲ್ ಸಿಗ್ನೇಚರ್ಸ್ ನೋಡಿ. ಸಹಿ ವಿಡಿಯೊಲ್ಯಾನ್ ಹೆಸರಲ್ಲಿರಬೇಕು, ಡೀಟೇಲ್ಸ್ ಒತ್ತಿದರೆ ಸಹಿ ಸರಿಯಿದೆ ಎಂದು ಬರಬೇಕು. ಆ ಟ್ಯಾಬೇ ಇಲ್ಲದಿದ್ದರೆ ಓಡಿಸಬೇಡಿ. ಇನ್ನೂ ಖಾತ್ರಿ ಬೇಕಿದ್ದರೆ ವಿಂಡೋಸ್‌ನಲ್ಲೇ ಇರುವ ಸರ್ಟ್‌ಯುಟಿಲ್ ಕಮಾಂಡ್‌ನಿಂದ ಎಸ್‌ಎಚ್‌ಎ 256 ಹ್ಯಾಶ್ (ಫೈಲಿನ ಬೆರಳಚ್ಚಿನಂಥ ಸಂಖ್ಯೆ) ತೆಗೆದು ಡೌನ್‌ಲೋಡ್ ಪುಟದಲ್ಲಿ ಕೊಟ್ಟಿರುವುದರ ಜೊತೆ ಹೋಲಿಸಿ.

ಹಾಕುವ ಮೊದಲು ಪ್ಲೇಯರ್ ಪೂರ್ತಿ ಮುಚ್ಚಿ, ಗಡಿಯಾರದ ಪಕ್ಕದ ಕೋನ್ ಐಕಾನ್ ಕೂಡ. ಅದು ಓಡುತ್ತಿದ್ದರೆ ಫೈಲಿಗೆ ಬರೆಯಲು ಆಗುತ್ತಿಲ್ಲ ಎಂದು ಇನ್‌ಸ್ಟಾಲರ್ ದೂರುತ್ತದೆ. ಅಲ್ಲಿ ಇಗ್ನೋರ್ ಒತ್ತಿದಿರೋ, ಹಳೆಯ ಡಿಎಲ್‌ಎಲ್ ಜೊತೆ ಹೊಸದು ಸೇರಿ ಅರೆಬರೆ ಪ್ಲೇಯರ್ ಆಗುತ್ತದೆ, ದೋಷವೂ ಹಾಗೇ ಉಳಿಯುತ್ತದೆ. ಎರಡನೇ ಡಿಸ್‌ಪ್ಲೇ, ಆಡಿಯೊ ಔಟ್‌ಪುಟ್ ಎಲ್ಲ ಹೊಂದಿಸಿಟ್ಟವರು ಆ್ಯಪ್‌ಡೇಟಾ ರೋಮಿಂಗ್‌ನ ವಿಎಲ್‌ಸಿ ಫೋಲ್ಡರನ್ನು ನಕಲು ಮಾಡಿಟ್ಟುಕೊಳ್ಳಿ. ಹಳೆಯದನ್ನು ತೆಗೆಯುವಾಗ ಪ್ರಿಫರೆನ್ಸ್ ಅಳಿಸುವ ಆಯ್ಕೆಗೆ ಟಿಕ್ ಹಾಕಬೇಡಿ.

ಮುಹೂರ್ತದ ದಿನ ಈ ಕೆಲಸ ಬೇಡ. ಒಂದು ವಾರ ಮುಂಚೆ ಮಾಡಿ, ಪರದೆಗೆ ಜೋಡಿಸಿ, ಒಂದು 4ಕೆ ಫೈಲು, ಎಚ್‌ಇವಿಸಿ ಬಗೆಯಲ್ಲಿ ಕುಗ್ಗಿಸಿದ ಒಂದು ಫೈಲು, ಕನ್ನಡ ಸಬ್‌ಟೈಟಲ್ ಇರುವ ಒಂದು ಫೈಲು ಓಡಿಸಿ ನೋಡಿ. ಚಿತ್ರ ಕಪ್ಪಾದರೆ ಹಳೆಯ ಆವೃತ್ತಿಗೆ ಮರಳಬೇಡಿ. ಹಾರ್ಡ್‌ವೇರ್ ಡಿಕೋಡಿಂಗ್ ಆಫ್ ಮಾಡಿ, ಗ್ರಾಫಿಕ್ಸ್ ಡ್ರೈವರ್ ಅಪ್‌ಡೇಟ್ ಮಾಡಿ ಮತ್ತೆ ನೋಡಿ.

ತೆರೆದಿಟ್ಟ ಬಾಗಿಲುಗಳು

ವಿಎಲ್‌ಸಿಯ ಟೂಲ್ಸ್‌ನ ಪ್ರಿಫರೆನ್ಸಸ್ ತೆರೆದು ಇಂಟರ್‌ಫೇಸ್ ಪುಟದಲ್ಲಿ ಅಪ್‌ಡೇಟ್ ಸೂಚನೆಯ ಟಿಕ್ ಇರಲಿ. ಕೆಳಗೆ ಆಲ್ ಆಯ್ಕೆ ಮಾಡಿ, ಇಂಟರ್‌ಫೇಸ್‌ನ ಮೇನ್ ಇಂಟರ್‌ಫೇಸಸ್‌ನಲ್ಲಿ ವೆಬ್ ಮತ್ತು ಟೆಲ್‌ನೆಟ್ ಟಿಕ್ ತೆಗೆಯಿರಿ, ಇವೆರಡೂ ನೆಟ್‌ವರ್ಕ್ ಮೂಲಕ ಪ್ಲೇಯರ್ ನಡೆಸುವ ದಾರಿಗಳು. ಮೊಬೈಲ್‌ನಿಂದ ಪ್ಲೇಯರ್ ನಡೆಸುವ ಆ್ಯಪ್‌ಗಳಿಗೆ ಬೇಕಾಗುವುದು ಈ ವೆಬ್ ದಾರಿಯೇ, ಪೋರ್ಟ್ 8080. ಅದು ಬೇಕೇ ಬೇಕು ಅನ್ನುವವರು ಉದ್ದನೆಯ ಪಾಸ್‌ವರ್ಡ್ ಇಡಿ. ಮಂಟಪದ ವೈಫೈ ವಿಂಡೋಸ್‌ನಲ್ಲಿ ಪಬ್ಲಿಕ್ ಎಂದೇ ಇರಲಿ. ವಿಡಿಯೊ ಓಡಿಸುವ ಖಾತೆ ಅಡ್ಮಿನ್ ಆಗಿರಬಾರದು. ಆಗ ದೋಷದೊಳಗಿಂದ ಬಂದವನ ಕೈಗೆ ಲ್ಯಾಪ್‌ಟಾಪ್ ಪೂರ್ತಿ ಸಿಗುವುದು ಕಷ್ಟ.

ಬಹಳ ಜನ ಗಮನಿಸದ ಇನ್ನೊಂದು ವಿಷಯ ಥಂಬ್‌ನೇಲ್. ಪೆನ್‌ಡ್ರೈವ್ ತೆರೆದ ಕೂಡಲೇ ಎಕ್ಸ್‌ಪ್ಲೋರರ್ ಪುಟ್ಟ ಚಿತ್ರ ತೋರಿಸಲು ಫೈಲನ್ನು ಓದಿಬಿಡುತ್ತದೆ. ನೀವು ಡಬಲ್ ಕ್ಲಿಕ್ ಮಾಡಿಯೇ ಇಲ್ಲ, ಆದರೂ ಓದುವ ಕೆಲಸ ಆಯಿತು. ಫೋಲ್ಡರ್ ಆಪ್ಷನ್ಸ್‌ನ ವ್ಯೂನಲ್ಲಿ ಯಾವಾಗಲೂ ಐಕಾನ್ ಮಾತ್ರ ಎಂಬುದಕ್ಕೆ ಟಿಕ್ ಹಾಕಿ. ಅಲ್ಲೇ ಫೈಲಿನ ಎಕ್ಸ್‌ಟೆನ್ಷನ್ ಅಡಗಿಸುವ ಟಿಕ್ ತೆಗೆಯಿರಿ, ಎಂಪಿ4 ಎಂದು ಕಂಡು ಕೊನೆಗೆ ಇಎಕ್ಸ್‌ಇ ಆಗಿರುವ ಫೈಲು ಆಗ ಸಿಕ್ಕಿಬೀಳುತ್ತದೆ. ವಿಡಿಯೊ ಶುರುವಾದ ಕೂಡಲೇ ಕೋಡೆಕ್ (ಕುಗ್ಗಿಸಿದ ವಿಡಿಯೊ ಬಿಡಿಸುವ ಭಾಗ) ಇಳಿಸಿಕೊಳ್ಳಿ ಎಂದು ಕೇಳಿದರೆ ಅಲ್ಲಿಗೇ ಮುಚ್ಚಿ.

ವಿಂಡೋಸ್‌ನ ಎಚ್‌ಇವಿಸಿಯಂಥ ಹೆಚ್ಚುವರಿ ಕೋಡೆಕ್‌ಗಳು ವಿಂಡೋಸ್ ಅಪ್‌ಡೇಟ್‌ನಿಂದಲ್ಲ, ಮೈಕ್ರೋಸಾಫ್ಟ್ ಸ್ಟೋರ್‌ನಿಂದ ಸರಿಯಾಗುತ್ತವೆ. 2020ರ ಜೂನ್ ಕೊನೆಯಲ್ಲಿ ಎರಡು ದೋಷಗಳಿಗೆ ಪರಿಹಾರ ಹಾಗೆಯೇ ಬಂತು. ಲ್ಯಾಪ್‌ಟಾಪ್ ಹಗುರವಾಗಲಿ ಎಂದು ಸ್ಟೋರ್ ಕಿತ್ತುಹಾಕಿದ್ದರೆ ಆ ಪರಿಹಾರ ತಲುಪುವುದಿಲ್ಲ. ಸ್ಟೋರ್ ಇದ್ದವರು ಲೈಬ್ರರಿ ತೆರೆದು ಅಪ್‌ಡೇಟ್ಸ್ ತರಿಸಿ.

ಆ್ಯಪಲ್‌ನ ಕ್ವಿಕ್‌ಟೈಮ್ ಪ್ಲೇಯರ್ ಇದ್ದರೆ ತೆಗೆದುಬಿಡಿ. ವಿಂಡೋಸ್‌ಗೆ ಅದರ ಬೆಂಬಲ 2016ರಲ್ಲೇ ನಿಂತಿದೆ. ಫ್ಲ್ಯಾಶ್ ಪ್ಲೇಯರ್ 2020ರ ಡಿಸೆಂಬರ್ 31ಕ್ಕೆ ಮುಗಿಯಿತು. ಎಂಪಿಸಿ-ಎಚ್‌ಸಿ ಎಂಬ ಪ್ಲೇಯರ್‌ನ 1.7.13 ಬಂದದ್ದು 2017ರಲ್ಲಿ, ಮೂಲ ತಂಡದ ಕೊನೆಯ ಆವೃತ್ತಿ ಅದು. ಆಮೇಲಿನದು ಬೇರೆಯವರು ಗಿಟ್‌ಹಬ್‌ನಲ್ಲಿ ಮುಂದುವರಿಸಿರುವ ಪ್ರತಿ, ಅದಕ್ಕೆ ಬದಲಾಯಿಸಿಕೊಳ್ಳಿ.

ಆಂಡ್ರಾಯ್ಡ್ ಟಿವಿ ಬಾಕ್ಸ್ ಬಳಸುವವರು ಸೆಟ್ಟಿಂಗ್ಸ್‌ನ ಅಬೌಟ್‌ನಲ್ಲಿ ಸೆಕ್ಯುರಿಟಿ ಪ್ಯಾಚ್ ದಿನಾಂಕ ನೋಡಿ. ಆಂಡ್ರಾಯ್ಡ್ 10ರಿಂದ ಮೀಡಿಯಾ ಕೋಡೆಕ್ ಭಾಗಗಳು ಗೂಗಲ್ ಪ್ಲೇ ಸಿಸ್ಟಂ ಅಪ್‌ಡೇಟ್‌ನಲ್ಲೂ ಬರಬಹುದು, ಅದಕ್ಕಿಂತ ಹಳೆಯದರಲ್ಲಿ ಆ ದಾರಿ ಇಲ್ಲ. ಅಂಥ ಬಾಕ್ಸ್‌ಗೆ ಗಿರಾಕಿಯ ಪೆನ್‌ಡ್ರೈವ್ ಹಾಕಬೇಡಿ.

ವಿಂಡೋಸ್ 7 ಲ್ಯಾಪ್‌ಟಾಪ್‌ಗಳ ಬೆಂಬಲ 2020ರ ಜನವರಿ 14ಕ್ಕೆ, ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಎಲ್‌ಸಿ 3 ಹಳೆಯ ವಿಂಡೋಸ್‌ನಲ್ಲೂ ಓಡುವುದರಿಂದ ಪ್ಲೇಯರ್ ಅಂತೂ ಹೊಸದಾಗುತ್ತದೆ, ಆದರೆ ಕೆಳಗಿನ ವಿಂಡೋಸ್ ಹಾಗೇ ಉಳಿಯುತ್ತದೆ. ಅಂಥದ್ದನ್ನು ಇಂಟರ್ನೆಟ್‌ನಿಂದ ಬಿಡಿಸಿ ಪರದೆಗೆ ಮಾತ್ರ ಇಡಿ. ಬ್ಯಾಂಕ್ ಕೆಲಸ, ಬಿಲ್ಲಿಂಗ್, ಫೋಟೊ ಆಲ್ಬಂ ಅದರಲ್ಲಿ ಬೇಡ.

ಫೈಲೊಂದು ಪ್ಲೇಯರನ್ನು ಬೀಳಿಸಿದರೆ

ಮತ್ತೆ ಮತ್ತೆ ತೆರೆದು ನೋಡಬೇಡಿ. ವೈಫೈ ಆಫ್ ಮಾಡಿ, ವಿಂಡೋಸ್ ಸೆಕ್ಯುರಿಟಿಯಲ್ಲಿ ಡಿಫೆಂಡರ್ ಆಫ್‌ಲೈನ್ ಸ್ಕ್ಯಾನ್ ನಡೆಸಿ. ಲ್ಯಾಪ್‌ಟಾಪ್ ತಾನೇ ರೀಸ್ಟಾರ್ಟ್ ಆಗಿ ಸುಮಾರು 15 ನಿಮಿಷ ತೆಗೆದುಕೊಳ್ಳುತ್ತದೆ. ಇಮೇಲ್ ಪಾಸ್‌ವರ್ಡ್, ಯುಪಿಐ ಪಿನ್‌ಗಳನ್ನು ಬೇರೆ ಸಾಧನದಿಂದ ಬದಲಿಸಿ. ಹಣ ಹೋಗಿದ್ದರೆ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಇತ್ತೀಚಿನ ಆವೃತ್ತಿಯಲ್ಲೂ ಪ್ಲೇಯರ್ ಬಿದ್ದರೆ ಅದು ಹೊಸ ದೋಷವಿರಬಹುದು. ಆ ಫೈಲನ್ನು ವಾಟ್ಸ್‌ಆ್ಯಪ್ ಗುಂಪಿಗೆ ಹಾಕದೆ ವಿಡಿಯೊಲ್ಯಾನ್‌ನ ಭದ್ರತಾ ತಂಡಕ್ಕೆ ಕಳಿಸಿ. ಜೊತೆಗೆ ಪ್ಲೇಯರ್‌ನ ಪೂರ್ತಿ ಆವೃತ್ತಿ, 32 ಬಿಟ್ಟೋ 64 ಬಿಟ್ಟೋ, ವಿಂಡೋಸ್ ಯಾವುದು, ಎಷ್ಟನೇ ಸೆಕೆಂಡಿನಲ್ಲಿ ಬಿತ್ತು ಎಂದು ಬರೆಯಿರಿ.