ಬಲ್ಬು ಬದಲಿಸುವ ಮೊದಲು ಕಿಲುಬು ಹುಡುಕಿ: ಬೋಟಿನ ಕ್ಯಾಬಿನ್ ದೀಪ ಸರಿಪಡಿಸುವುದು ಹೇಗೆ?

ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ನಮ್ಮ ಕರಾವಳಿಯ ಯಾಂತ್ರೀಕೃತ ಬೋಟುಗಳು ಕಡಲಿಗಿಳಿಯುವಂತಿಲ್ಲ. ಮಲ್ಪೆ, ಗಂಗೊಳ್ಳಿ, ಮಂಗಳೂರಿನ ದಕ್ಕೆಗಳಲ್ಲಿ ಅವು ಒಂದಕ್ಕೊಂದು ಆನಿಕೊಂಡು ಮಳೆಯಲ್ಲಿ ನೆನೆಯುತ್ತಾ ನಿಂತಿರುತ್ತವೆ. ಆ ಎರಡು ತಿಂಗಳಲ್ಲಿ ಇಂಜಿನ್ ಬಿಚ್ಚಿ ಜೋಡಿಸಿಯಾಗುತ್ತದೆ, ಪೇಂಟ್ ಆಗುತ್ತದೆ, ಬಲೆಯ ಕೆಲಸ ಮುಗಿಯುತ್ತದೆ. ಕ್ಯಾಬಿನ್ನಿನ ದೀಪ ಮಾತ್ರ ಯಾರಿಗೂ ನೆನಪಾಗುವುದಿಲ್ಲ. ಆಗಸ್ಟಿನ ಮೊದಲ ರಾತ್ರಿ ಕಡಲ ಮಧ್ಯೆ ಸ್ವಿಚ್ ಒತ್ತಿದಾಗ ದೀಪ ಹತ್ತುವುದಿಲ್ಲ, ಹತ್ತಿದರೂ ಮಿಣಮಿಣ ಎನ್ನುತ್ತದೆ.

ಕ್ಯಾಬಿನ್ ಕತ್ತಲಾದರೆ ಒದ್ದೆ ಏಣಿಯಲ್ಲಿ ಕಾಲು ಜಾರುತ್ತದೆ, ಒಲೆಯ ಮೇಲಿನ ಬಿಸಿ ಗಂಜಿ ಮೈಮೇಲೆ ಬೀಳುತ್ತದೆ, ಗಾಯವಾದವನಿಗೆ ಪಟ್ಟಿ ಕಟ್ಟಲು ಮೊಬೈಲ್ ಟಾರ್ಚನ್ನು ಬಾಯಲ್ಲಿ ಕಚ್ಚಿಕೊಳ್ಳಬೇಕಾಗುತ್ತದೆ. ವಾರಕ್ಕೂ ಮಿಕ್ಕಿ ಕಡಲಲ್ಲಿರುವ ಬೋಟಿಗೆ ಇದು ಸಣ್ಣ ತೊಂದರೆಯಲ್ಲ.

ಹೋದ ವರ್ಷ ಒಂದು ಟ್ರಾಲ್ ಬೋಟಿನ ತಾಂಡೇಲರು, ಅಂದರೆ ಬೋಟು ನಡೆಸುವವರು, ದಕ್ಕೆಯಲ್ಲಿ ನನ್ನನ್ನು ನಿಲ್ಲಿಸಿ, “ಮೂರು ಬಲ್ಬು ಹಾಕಿ ಆಯ್ತು ಮಾರಾಯ್ರೆ, ಒಂದೂ ಸರಿ ಉರಿಯುದಿಲ್ಲ. ಒಳ್ಳೆದು ಒಂದು ನೋಡಿ ತಂದುಕೊಡಿ” ಎಂದರು. ಬಲ್ಬಿನಲ್ಲಿ ದೋಷವೇ ಇರಲಿಲ್ಲ. ಮಲಗುವ ಹಲಗೆಯ ಹಿಂದೆ ಮೈನಸ್ ತಂತಿಗೆ ಯಾರೋ ಇನ್ನೊಂದು ತುಂಡು ಹೆಣೆದು ಟೇಪ್ ಸುತ್ತಿದ್ದರು. ಟೇಪಿನ ಅಂಟು ಬೆಲ್ಲದ ಪಾಕದ ಹಾಗೆ ಕರಗಿತ್ತು. ಬಿಚ್ಚಿದರೆ ಅಂಗೈಗೆ ಹಸಿರು ಪುಡಿ ಉದುರಿತು. ಹತ್ತಿಪ್ಪತ್ತು ಎಳೆಗಳಿದ್ದ ತಂತಿಯಲ್ಲಿ ಎರಡೇ ಎಳೆ ಉಳಿದಿದ್ದವು. ಆ ಎರಡು ಎಳೆಯ ಮೇಲೆ ಇಡೀ ಕ್ಯಾಬಿನ್ನಿನ ದೀಪಗಳು ನಿಂತಿದ್ದವು.

ನಾನು ನೋಡಿದ ಬೋಟುಗಳಲ್ಲಿ ಹೆಚ್ಚಿನವುಗಳ ಕತೆ ಇದೇ. ಬಲ್ಬು ಕಣ್ಣಿಗೆ ಕಾಣುತ್ತದೆ, ಹಾಗಾಗಿ ಅದನ್ನು ಬದಲಿಸುತ್ತೇವೆ. ಕಿಲುಬು ಹಲಗೆಯ ಹಿಂದೆ ಇರುತ್ತದೆ, ಅದನ್ನು ಯಾರೂ ಹುಡುಕುವುದಿಲ್ಲ. ಹುಡುಕುವ ಕ್ರಮ ಗೊತ್ತಿದ್ದರೆ ಇದು ಒಂದು ತಾಸಿನ ಕೆಲಸ. ಕೊಚ್ಚಿಯ ಮರೀನಾದಲ್ಲಿ ನಿಲ್ಲುವ ಹಾಯಿದೋಣಿಗಳ ಕ್ಯಾಬಿನ್ನಿಗೂ ಇದೇ ಕ್ರಮ ಸಾಕು. ಆದರೆ ಅಲ್ಲಿ ಇಂಜಿನ್ ಓಡುವುದು ಕಡಿಮೆ, ಬ್ಯಾಟರಿ ಚಾರ್ಜ್ ಆಗುವುದೂ ಕಡಿಮೆ. ಹಾಗಾಗಿ ಬ್ಯಾಟರಿಯನ್ನು ಇನ್ನಷ್ಟು ಗಮನವಿಟ್ಟು ನೋಡಬೇಕು.

ಕೈ ಹಾಕುವ ಮುನ್ನ

ಬೇಕಾದ್ದು ಇಷ್ಟು: ಒಂದು ಸಾಧಾರಣ ಮಲ್ಟಿಮೀಟರ್, ಎರಡು ಉದ್ದ ತಂತಿ ಕಟ್ಟಿದ ಹಳೆಯ 10 ವ್ಯಾಟಿನ ಕಾರಿನ ಬಲ್ಬು, ಹತ್ತು ಮೀಟರ್ ಬಿಡಿ ತಂತಿ, ನಯವಾದ ಸ್ಯಾಂಡ್ ಪೇಪರ್. ಬಲ್ಬು ಎಲ್‌ಇಡಿ ಆಗಿರಬಾರದು, ಫಿಲಮೆಂಟ್ ಇರುವುದೇ ಆಗಬೇಕು. ಕಾರಣ ಮುಂದೆ ಹೇಳುತ್ತೇನೆ.

ಕೆಲವು ಬೋಟಿನಲ್ಲಿ 12 ವೋಲ್ಟ್, ಕೆಲವಲ್ಲಿ 24 ವೋಲ್ಟ್. ಮೊದಲು ಅದನ್ನು ತಿಳಿದುಕೊಳ್ಳಿ. ಇಲ್ಲಿ ಕೊಟ್ಟಿರುವ ಬ್ಯಾಟರಿಯ ಲೆಕ್ಕವೆಲ್ಲ 12 ವೋಲ್ಟಿನದು, 24 ಆದರೆ ಎರಡರಿಂದ ಗುಣಿಸಿಕೊಳ್ಳಿ. ಪರೀಕ್ಷೆಯ ಬಲ್ಬು ಕೂಡ ಆಗ 24ರದೇ ಇರಬೇಕು. ಜನರೇಟರ್ ಅಥವಾ ಇನ್ವರ್ಟರಿನಿಂದ 230 ವೋಲ್ಟಿನ ಲೈನೂ ಇದ್ದರೆ ಅದನ್ನು ಪೂರ್ತಿ ಬಂದ್ ಮಾಡಿ. ಆ ಲೈನಿಗೆ ನೀವು ಕೈ ಹಾಕಬೇಡಿ, ಎಲೆಕ್ಟ್ರಿಷಿಯನ್ನನ್ನು ಕರೆಸಿ.

ಬ್ಯಾಟರಿ ಚಾರ್ಜ್ ಆಗುವಾಗ ಹೈಡ್ರೋಜನ್ ಬಿಡುತ್ತದೆ. ಅಡುಗೆ ಗ್ಯಾಸ್ ಗಾಳಿಗಿಂತ ಭಾರ, ಸೋರಿದರೆ ಬೋಟಿನ ತಳದಲ್ಲಿ ಹೋಗಿ ಕೂರುತ್ತದೆ. ಎರಡಕ್ಕೂ ಒಂದು ಕಿಡಿ ಸಾಕು. ಬಾಗಿಲು, ಮುಚ್ಚಳ ತೆರೆದು ಗಾಳಿಯಾಡಲು ಬಿಟ್ಟು, ಆಮೇಲೆ ಕೆಲಸ ಶುರುಮಾಡಿ. ಕೈಯ ಉಂಗುರ, ಬಳೆ ತೆಗೆದಿಡಿ. ಬ್ಯಾಟರಿಯ ತಂತಿ ಬಿಚ್ಚುವಾಗ ಮೈನಸ್ ಮೊದಲು, ಹಾಕುವಾಗ ಮೈನಸ್ ಕೊನೆಗೆ. ಮೈನಸ್ ಬಿಚ್ಚಿದ ಮೇಲೆ ಸ್ಪಾನರ್ ಪ್ಲಸ್‌ನಿಂದ ಜಾರಿ ಇಂಜಿನ್ನಿಗೆ ತಾಗಿದರೂ ಶಾರ್ಟ್ ಆಗುವುದಿಲ್ಲ.

ಮೊದಲು ಎಣಿಸಿ

ಸ್ಕ್ರೂಡ್ರೈವರ್ ಕೈಗೆತ್ತಿಕೊಳ್ಳುವ ಮೊದಲು ಎಲ್ಲ ಸ್ವಿಚ್ ಒತ್ತಿ ನೋಡಿ. ಬೋಟಿಗೆ ಬೋಟೇ ಕತ್ತಲಾಗಿದ್ದರೆ ದೋಷ ಬ್ಯಾಟರಿ, ಮೇನ್ ಸ್ವಿಚ್ ಅಥವಾ ಮೇನ್ ಫ್ಯೂಸಿನಲ್ಲಿದೆ. ಕ್ಯಾಬಿನ್ ಮಾತ್ರ ಕತ್ತಲಾಗಿ ಮೇಲಿನ ದೀಪಗಳು ಸರಿಯಿದ್ದರೆ ಆ ಲೈನಿನ ಫ್ಯೂಸ್ ಅಥವಾ ಆ ಲೈನಿನ ಮೊದಲ ಜಾಯಿಂಟ್ ನೋಡಿ. ಒಂದೇ ದೀಪ ಹೋಗಿದ್ದರೆ ಬಲ್ಬು, ಹೋಲ್ಡರ್, ಅದರ ಬಾಲದ ತಂತಿ. ಇಂಜಿನ್ ನಡುಕಕ್ಕೆ ದೀಪ ಕಣ್ಣು ಮಿಟುಕಿಸಿದರೆ ಎಲ್ಲೋ ಲೂಸ್ ಇದೆ. ಮಂಕಾಗಿ ಉರಿಯುತ್ತಿದ್ದರೆ ಕಿಲುಬಿನದೇ ಕೆಲಸ ಎಂದು ಹಿಡಿಯಿರಿ. ಇಂಜಿನ್ ಸ್ಟಾರ್ಟ್ ಮಾಡುವ ಕ್ಷಣ ದೀಪ ಮಂಕಾಗುವುದು ಮಾತ್ರ ಸಹಜ, ಅದಕ್ಕೆ ಹೆದರಬೇಕಿಲ್ಲ.

ಬ್ಯಾಟರಿ ಮತ್ತು ಫ್ಯೂಸ್

ಇಂಜಿನ್ ನಿಲ್ಲಿಸಿ ಕೆಲವು ತಾಸು ಕಳೆದ ಮೇಲೆ ಬ್ಯಾಟರಿಯ ಎರಡು ಟರ್ಮಿನಲ್ ನಡುವೆ ವೋಲ್ಟೇಜ್ ಅಳೆಯಿರಿ. 12.6 ಅಥವಾ ಅದಕ್ಕಿಂತ ಮೇಲೆ ತೋರಿಸಿದರೆ ತುಂಬಿದೆ. 12.2 ಅಂದರೆ ಅರ್ಧದ ಆಸುಪಾಸು. 12ಕ್ಕಿಂತ ಕೆಳಗಿದ್ದರೆ ಮೊದಲು ಚಾರ್ಜ್ ಮಾಡಿ, ದೀಪದ ವಿಚಾರ ಆಮೇಲೆ. ಚಾರ್ಜ್ ಮಾಡಿದ ಮೇಲೂ ನಾಲ್ಕು ದೀಪ ಹಾಕಿದ ಕೂಡಲೇ 11ಕ್ಕೆ ಕುಸಿದರೆ ಬ್ಯಾಟರಿಯ ಆಯುಷ್ಯ ಮುಗಿದಿದೆ.

ಇನ್ನು ಇಂಜಿನ್ ಓಡಿಸಿ ಅಳೆಯಿರಿ. 13.8ರಿಂದ 14.4ರೊಳಗೆ ಇರಬೇಕು. 15 ದಾಟಿದರೆ ಆಲ್ಟರ್ನೇಟರಿನ (ಇಂಜಿನ್ ಓಡುವಾಗ ಬ್ಯಾಟರಿ ಚಾರ್ಜ್ ಮಾಡುವ ಯಂತ್ರ) ವೋಲ್ಟೇಜ್ ಹಿಡಿತದಲ್ಲಿಡುವ ರೆಗ್ಯುಲೇಟರ್ ಕೆಟ್ಟಿದೆ. ತಿಂಗಳಿಗೊಂದು ಬಲ್ಬು ಸುಡುತ್ತದೆ ಎಂದು ದೂರುವವರು ಈ ಒಂದು ಅಳತೆಯನ್ನು ತಪ್ಪದೆ ಮಾಡಬೇಕು.

ಫ್ಯೂಸನ್ನು ಬೆಳಕಿಗೆ ಹಿಡಿದು ನೋಡಿ ಸರಿಯಿದೆ ಎಂದು ಹೇಳಲಾಗದು. ಗಾಜಿನ ಫ್ಯೂಸಿನಲ್ಲಿ ಎಳೆ ಸರಿಯಿದ್ದರೂ ತುದಿಯ ಟೋಪಿ ಸಡಿಲಾಗಿರಬಹುದು. ಹೊರತೆಗೆದು ಮೀಟರಿನ ಬೀಪ್‌ನಲ್ಲೇ ಪರೀಕ್ಷಿಸಿ, ಎರಡು ತುದಿಯ ನಡುವೆ ದಾರಿ ಕಡಿದಿರದಿದ್ದರೆ ಬೀಪ್ ಬರುತ್ತದೆ. ಅದು ಕೂರುವ ಹಿಡಿಕೆಯಲ್ಲಿ ಹಸಿರು ಕಂಡರೆ ಸ್ಯಾಂಡ್ ಪೇಪರಿನಿಂದ ತಿಕ್ಕಿ ಲೋಹ ಹೊಳೆಯುವಂತೆ ಮಾಡಿ.

ಹೊಸ ಫ್ಯೂಸೂ ಸುಟ್ಟರೆ ಲೈನಿನಲ್ಲಿ ಶಾರ್ಟ್ ಇದೆ. ಇಲ್ಲಿ ದಯವಿಟ್ಟು ತಂತಿಯ ಎಳೆ, ಬೆಳ್ಳಿ ಕಾಗದ, ದೊಡ್ಡ ಆಂಪಿಯರಿನ ಫ್ಯೂಸ್ ಯಾವುದನ್ನೂ ಹಾಕಬೇಡಿ. ಫ್ಯೂಸ್ ಇರುವುದು ತಂತಿ ಕಾಯ್ದು ಹೊತ್ತಿಕೊಳ್ಳದಿರಲಿ ಎಂದು. ಹೊತ್ತಿಕೊಂಡ ಬೋಟಿನಿಂದ ಓಡಿಹೋಗಲು ಕಡಲಲ್ಲಿ ಜಾಗವಿಲ್ಲ. ಫ್ಯೂಸಿನ ಜಾಗಕ್ಕೆ ಪರೀಕ್ಷೆಯ ಬಲ್ಬನ್ನು ಸೇರಿಸಿ, ಆ ಲೈನಿನ ದೀಪಗಳನ್ನೆಲ್ಲ ಕಳಚಿ. ಶಾರ್ಟ್ ಇದ್ದರೆ ಬಲ್ಬು ಪೂರ್ತಿ ಉರಿಯುತ್ತದೆ. ಒಂದೊಂದೇ ಕವಲು ಬಿಚ್ಚುತ್ತಾ ಹೋಗಿ. ಯಾವುದನ್ನು ಬಿಚ್ಚಿದಾಗ ಬಲ್ಬು ಆರುತ್ತದೋ ಆ ಕವಲಿನಲ್ಲೇ ದೋಷ.

ಮೀಟರ್ 12 ತೋರಿಸುತ್ತದೆ, ದೀಪ ಉರಿಯುವುದಿಲ್ಲ!

ಹೆಚ್ಚಿನವರು ಸೋಲುವುದು ಇಲ್ಲಿಯೇ. ಬಲ್ಬು ತೆಗೆದು ಹೋಲ್ಡರಿನಲ್ಲಿ ಅಳೆಯುತ್ತಾರೆ, 12.5 ಬರುತ್ತದೆ. ಕರೆಂಟ್ ಬರುತ್ತಿದೆ, ಬಲ್ಬೇ ಸರಿಯಿಲ್ಲ ಎಂದು ತೀರ್ಮಾನಿಸುತ್ತಾರೆ. ಆದರೆ ಮೀಟರಿಗೆ ಬೇಕಾಗುವ ಕರೆಂಟ್ ಏನೇನೂ ಅಲ್ಲ. ಒಂದೇ ಎಳೆ ಉಳಿದ ತಂತಿಯೂ ಅದಕ್ಕೆ ಪೂರ್ತಿ ವೋಲ್ಟೇಜ್ ತಲುಪಿಸುತ್ತದೆ. ಬಲ್ಬು ಹಾಕಿ ಕರೆಂಟ್ ಹರಿಯತೊಡಗಿದಾಗಷ್ಟೇ ಕಿಲುಬಿನ ತಡೆ ಹೊರಬೀಳುತ್ತದೆ.

ಲೆಕ್ಕ ನೋಡಿ. 12 ವೋಲ್ಟಿನಲ್ಲಿ 10 ವ್ಯಾಟಿನ ಬಲ್ಬಿನ ಒಳತಡೆ ಸುಮಾರು 14 ಓಮ್. ದಾರಿಯ ಒಂದು ಜಾಯಿಂಟಿನಲ್ಲಿ ಕಿಲುಬು 3 ಓಮ್ ತಡೆ ಒಡ್ಡಿದರೆ, ಅಲ್ಲೇ 2 ವೋಲ್ಟ್ ಹೋಗಿಬಿಡುತ್ತದೆ. ಬಲ್ಬಿಗೆ ಸಿಗುವುದು 10. ಕಳೆದುಹೋದದ್ದು ಆ ಜಾಯಿಂಟಿನಲ್ಲಿ ಬಿಸಿಯಾಗುತ್ತದೆ. ಕೈಯಿಟ್ಟರೆ ಬೆಚ್ಚಗಿರುವ ಜಾಯಿಂಟನ್ನು ಎಂದೂ ಹಾಗೇ ಬಿಡಬೇಡಿ.

ಆದ್ದರಿಂದ ದೀಪ ಹಾಕಿಯೇ ಅಳೆಯಬೇಕು. ಎಲ್‌ಇಡಿ ದೀಪವಾದರೆ ಅದರ ಜಾಗಕ್ಕೆ ಪರೀಕ್ಷೆಯ ಬಲ್ಬನ್ನು ಸೇರಿಸಿ. ಎಲ್‌ಇಡಿ ಎಳೆಯುವ ಕರೆಂಟ್ ತೀರಾ ಕಡಿಮೆ, ಅದರಲ್ಲಿ ಅಳೆದರೆ ಕೆಟ್ಟ ಜಾಯಿಂಟೂ ಒಳ್ಳೆಯದರಂತೆ ಕಾಣುತ್ತದೆ. ಫಿಲಮೆಂಟ್ ಬಲ್ಬೇ ಬೇಕು ಎಂದದ್ದು ಇದಕ್ಕೆ. ಈಗ ಮೀಟರಿನ ಒಂದು ಕಡ್ಡಿಗೆ ಬಿಡಿ ತಂತಿ ಕಟ್ಟಿ ಬ್ಯಾಟರಿಯ ಮೈನಸ್‌ಗೆ ಸಿಕ್ಕಿಸಿ, ಇನ್ನೊಂದು ಕಡ್ಡಿಯನ್ನು ಉರಿಯುತ್ತಿರುವ ಬಲ್ಬಿನ ಮೈನಸ್‌ಗೆ ಮುಟ್ಟಿಸಿ. 0.3 ವೋಲ್ಟಿನೊಳಗಿದ್ದರೆ ಆ ದಾರಿ ಸರಿಯಿದೆ. ಅರ್ಧ ವೋಲ್ಟ್ ದಾಟಿದರೆ ಆ ದಾರಿಯಲ್ಲಿ ಕಿಲುಬಿದೆ. ಹಾಗೆಯೇ ಬ್ಯಾಟರಿಯ ಪ್ಲಸ್‌ನಿಂದ ಬಲ್ಬಿನ ಪ್ಲಸ್‌ವರೆಗೆ ಅಳೆಯಿರಿ.

ಬಲ್ಬು ಹತ್ತುವುದೇ ಇಲ್ಲವಾದರೂ ಇದೇ ಅಳತೆ ಸಾಕು. ಮೈನಸ್ ಕಡೆ ಹೆಚ್ಚುಕಡಿಮೆ ಪೂರ್ತಿ 12 ಬಂದರೆ ಮೈನಸ್ ತಂತಿ ಎಲ್ಲೋ ಕಡಿದಿದೆ. ಪ್ಲಸ್ ಕಡೆ ಬಂದರೆ ಪ್ಲಸ್ ಕಡಿದಿದೆ, ಅಥವಾ ದಾರಿಯಲ್ಲಿರುವ ಸ್ವಿಚ್ ಕೆಟ್ಟಿದೆ. ಎರಡೂ ಕಡೆ ಸೊನ್ನೆ ಬಂದರೆ ಮಾತ್ರ ಬಲ್ಬನ್ನೋ ಹೋಲ್ಡರನ್ನೋ ಅನುಮಾನಿಸಿ.

ದಾರಿ ಗೊತ್ತಾಯಿತು, ಇನ್ನು ಜಾಗ. ಮಧ್ಯದಲ್ಲೊಂದು ಜಂಕ್ಷನ್ ಡಬ್ಬಿಯೋ ಸ್ವಿಚ್ಚೋ ಇರುತ್ತದೆ, ಅಲ್ಲಿ ಅಳೆಯಿರಿ. ಅಲ್ಲಿಯವರೆಗೆ ಸರಿಯಿದ್ದರೆ ದೋಷ ಆಚೆಗಿನ ಅರ್ಧದಲ್ಲಿದೆ. ಆ ಅರ್ಧವನ್ನು ಮತ್ತೆ ಅರ್ಧ ಮಾಡಿ. ಮೂರು ನಾಲ್ಕು ಅಳತೆಯಲ್ಲಿ ಜಾಯಿಂಟಿನ ಎದುರೇ ಬಂದು ನಿಂತಿರುತ್ತೀರಿ. ಮೀಟರ್ ಇಲ್ಲದಿದ್ದರೆ ಬಿಡಿ ತಂತಿಯ ಒಂದು ತುದಿ ಬ್ಯಾಟರಿಯ ಮೈನಸ್‌ಗೆ, ಇನ್ನೊಂದು ತುದಿ ದೀಪದ ಮೈನಸ್‌ಗೆ ಹಿಡಿಯಿರಿ. ದೀಪ ಭಗ್ಗನೆ ಬೆಳಗಿದರೆ ಮೈನಸ್ ದಾರಿಯೇ ಕೆಟ್ಟಿದೆ. ಮೊದಲು ಮೈನಸ್ ನೋಡಿ ಎಂದು ನಾನು ಹೇಳುವುದಕ್ಕೆ ಕಾರಣವಿದೆ: ಹಲವು ದೀಪಗಳ ಮೈನಸ್ಸನ್ನು ಒಟ್ಟಿಗೆ ಹೆಣೆದು, ತಳದ ಹತ್ತಿರ ಎಲ್ಲೋ ಒಂದು ಬೋಲ್ಟಿಗೆ ಬಿಗಿದಿರುತ್ತಾರೆ. ಉಪ್ಪುನೀರು ಮೊದಲು ಸೇರುವುದು ಅಲ್ಲಿಗೆ.

ಜಾಯಿಂಟ್ ಹೇಗಿರಬೇಕು

ಇಲ್ಲಿಂದ ಮುಂದೆ ಮೇನ್ ಸ್ವಿಚ್ ಬಂದ್. ಕಿಲುಬು ಹಿಡಿದ ತುದಿಯನ್ನು ಕತ್ತರಿಸಿ, ಪ್ಲಾಸ್ಟಿಕ್ ಸುಲಿದು ನೋಡಿ. ತಾಮ್ರ ಕಪ್ಪಾಗಿದ್ದರೆ ಇನ್ನೂ ಹಿಂದಕ್ಕೆ ಕತ್ತರಿಸಿ. ಉಪ್ಪುನೀರು ಎಳೆಗಳ ಸಂದಿನಲ್ಲಿ ದೀಪದ ಬತ್ತಿ ಎಣ್ಣೆ ಹೀರಿದಂತೆ ಒಳಗೆ ಏರಿರುತ್ತದೆ, ಕೆಲವೊಮ್ಮೆ ಒಂದು ಗೇಣಿನಷ್ಟು ದೂರ. ಗೇಣು ಕತ್ತರಿಸಿದ ಮೇಲೂ ಕಪ್ಪೇ ಇದ್ದರೆ ಆ ತಂತಿಯನ್ನು ಪೂರ್ತಿ ಬದಲಿಸಿ.

ಹೊಸ ತಂತಿ ಹಲವು ಎಳೆಯದಿರಲಿ. ಒಂಟಿ ಎಳೆಯ ಗಟ್ಟಿ ತಂತಿ ಇಂಜಿನ್ ನಡುಕಕ್ಕೆ ಮುರಿಯುತ್ತದೆ. ತವರದ ಲೇಪವಿರುವ, ಬೆಳ್ಳಿ ಬಣ್ಣದ ತಂತಿ ಸಿಕ್ಕರೆ ಎರಡು ಕಾಸು ಹೆಚ್ಚು ಕೊಟ್ಟಾದರೂ ಅದನ್ನೇ ತನ್ನಿ, ಕಿಲುಬು ಹಿಡಿಯುವುದು ಬಹಳ ನಿಧಾನ. 1.5 ಚದರ ಮಿಲಿಮೀಟರ್ ದಪ್ಪದ ತಂತಿಯಲ್ಲಿ ಹತ್ತು ಮೀಟರ್ ದೂರದ ದೀಪಕ್ಕೆ ಹೋಗಿ ಬರುವಾಗ 1 ಆಂಪಿಯರಿಗೆ ಕಾಲು ವೋಲ್ಟಿನಷ್ಟು ನಷ್ಟ. ಅಷ್ಟು ಅಡ್ಡಿಯಿಲ್ಲ. ಒಂದೇ ಲೈನಿನಲ್ಲಿ 3 ಆಂಪಿಯರ್ ಹರಿಯುವುದಿದ್ದರೆ 2.5ರ ತಂತಿ ಹಾಕಿ.

ಹೆಣೆದು ಟೇಪ್ ಸುತ್ತುವುದನ್ನು ಬೋಟಿನಲ್ಲಿ ಮರೆತುಬಿಡಿ. ಬೆಸುಗೆ ಹಾಕಿದರೆ ತಂತಿ ಅಲ್ಲಿ ಕಡ್ಡಿಯಂತೆ ಗಟ್ಟಿಯಾಗಿ, ನಡುಕಕ್ಕೆ ಬೆಸುಗೆಯ ಅಂಚಿನಲ್ಲೇ ಮುರಿಯುತ್ತದೆ. ಸರಿಯಾದ ದಾರಿ ಕ್ರಿಂಪ್ ಮಾಡುವುದು. ತಂತಿಯ ದಪ್ಪಕ್ಕೆ ಹೊಂದುವ ಲಗ್ (ತಂತಿಯ ತುದಿಗೆ ತೊಡಿಸುವ ಲೋಹದ ತುಂಡು) ಹಾಕಿ, ಕ್ರಿಂಪಿಂಗ್ ಇಕ್ಕಳದಿಂದ ಒತ್ತಿ, ಬಲವಾಗಿ ಎಳೆದು ನೋಡಿ. ಬಿಟ್ಟುಬಂದರೆ ಮತ್ತೆ ಮಾಡಿ. ಅದರ ಮೇಲೆ, ಒಳಬದಿಯಲ್ಲಿ ಅಂಟು ಸವರಿದ ಹೀಟ್ ಶ್ರಿಂಕ್ ಕೊಳವೆ (ಕಾಯಿಸಿದರೆ ಕುಗ್ಗಿ ಬಿಗಿಯುವ ಪ್ಲಾಸ್ಟಿಕ್ ಕೊಳವೆ) ತೊಡಿಸಿ, ಎರಡೂ ಬಾಯಿಯಿಂದ ಅಂಟು ಸಣ್ಣಗೆ ಹೊರಗೆ ಇಣುಕುವವರೆಗೆ ಕಾಯಿಸಿ. ಅಂಟು ಇಣುಕಿದರೆ ನೀರಿಗೆ ದಾರಿ ಮುಚ್ಚಿತು ಎಂದರ್ಥ. ಬೋಲ್ಟ್ ಬಿಗಿದ ಮೇಲೆ ತೆಳ್ಳಗೆ ವ್ಯಾಸಲೀನ್ ಸವರಿ. ಬಿಗಿಯುವ ಮೊದಲು ಬೇಡ.

ತಂತಿಯನ್ನು ಒಂದೂವರೆ ಅಡಿಗೊಂದು ಕ್ಲಿಪ್ ಹಾಕಿ ಹಿಡಿಸಿ. ದೀಪದೊಳಗೆ ಹೋಗುವ ಮುನ್ನ ಅದು ಒಂದು ಸಲ ಕೆಳಗೆ ಬಾಗಿ ಮೇಲೇರಲಿ. ಸೋರಿದ ನೀರು ಆ ಬಾಗಿನಲ್ಲಿ ತೊಟ್ಟಿಕ್ಕಿ ಹೋಗುತ್ತದೆ, ಹೋಲ್ಡರಿಗೆ ಇಳಿಯುವುದಿಲ್ಲ.

ಎಲ್‌ಇಡಿ ಹಾಕುವವರಿಗೆ

ಎಲ್‌ಇಡಿ ಬ್ಯಾಟರಿ ಉಳಿಸುತ್ತದೆ, ಹಾಕಬೇಕು. ಆದರೆ ಬರೇ 12 ವೋಲ್ಟ್ ಎಂದು ಬರೆದ ಅಗ್ಗದ ದೀಪ 14.4ರಲ್ಲಿ ಬಹುಕಾಲ ಬಾಳುವುದಿಲ್ಲ. 10ರಿಂದ 30 ವೋಲ್ಟಿನವರೆಗೆ ಎಂದು ನಮೂದಿಸಿರುವುದನ್ನು ಕೇಳಿ ತನ್ನಿ. ಹತ್ತದಿದ್ದರೆ ಪ್ಲಸ್ ಮೈನಸ್ ಅದಲುಬದಲು ಮಾಡಿ ನೋಡಿ.

ಇನ್ನೊಂದು ಪರೀಕ್ಷೆ ಜೀವಕ್ಕೆ ಸಂಬಂಧಿಸಿದ್ದು. ಕೆಲವು ಎಲ್‌ಇಡಿಗಳ ಒಳಗಿನ ಸರ್ಕ್ಯೂಟ್, ಕಡಲಲ್ಲಿ ಬೋಟುಗಳು ಮಾತಾಡಲು ಬಳಸುವ ವಿಎಚ್‌ಎಫ್ ರೇಡಿಯೋಗೆ ಅಡ್ಡಿ ಮಾಡುತ್ತದೆ. 2018ರಲ್ಲಿ ಅಮೆರಿಕದ ಕೋಸ್ಟ್ ಗಾರ್ಡ್ ಈ ಬಗ್ಗೆ ಎಚ್ಚರಿಕೆಯನ್ನೇ ಹೊರಡಿಸಿತ್ತು. ದೀಪ ಆರಿಸಿ, ರೇಡಿಯೋವನ್ನು ಅಪಾಯದ ಕರೆಯ ಚಾನೆಲ್ 16ಕ್ಕಿಟ್ಟು, ಗೊರಗೊರ ಸದ್ದು ನಿಲ್ಲುವ ಅಂಚಿಗೆ, ಆ ಸದ್ದನ್ನು ಅಡಗಿಸುವ ಸ್ಕ್ವೆಲ್ಚ್ ಗುಂಡಿಯನ್ನು ತಿರುಗಿಸಿ. ಆಮೇಲೆ ದೀಪ ಹಾಕಿ. ಗೊರಗೊರ ಮತ್ತೆ ಎದ್ದರೆ ಆ ದೀಪ ನಿಮ್ಮ ರೇಡಿಯೋದ ಕಿವಿ ಮುಚ್ಚುತ್ತಿದೆ. ಅದನ್ನು ಅಂಗಡಿಗೆ ಹಿಂತಿರುಗಿಸಿ, ಬೇರೆ ತನ್ನಿ.

ಕೆಲಸ ಮುಗಿದ ಮೇಲೆ ಕತ್ತಲಾಗುವವರೆಗೆ ಕಾದು, ದಕ್ಕೆಯಲ್ಲೇ ಇಂಜಿನ್ ಸ್ಟಾರ್ಟ್ ಮಾಡಿ ಎಲ್ಲ ದೀಪ ಒಟ್ಟಿಗೆ ಹಾಕಿ, ಹತ್ತು ನಿಮಿಷ ಬಿಟ್ಟು ಹೊಸ ಜಾಯಿಂಟುಗಳನ್ನು ಮುಟ್ಟಿ ನೋಡಿ. ತಣ್ಣಗಿರಬೇಕು. ಮಿಕ್ಕ ತಂತಿ, ಲಗ್, ನಾಲ್ಕು ಫ್ಯೂಸ್, ಪರೀಕ್ಷೆಯ ಬಲ್ಬು, ಇಷ್ಟನ್ನೂ ಮುಚ್ಚಳ ಬಿಗಿಯಾದ ಡಬ್ಬಿಗೆ ಹಾಕಿ ತಾಂಡೇಲರ ಕೈಗೆ ಕೊಡಿ. ಯಾವ ತಂತಿ ಎಲ್ಲಿಂದ ಎಲ್ಲಿಗೆ ಹೋಗುತ್ತದೆ, ಜಾಯಿಂಟ್ ಎಲ್ಲೆಲ್ಲಿದೆ ಎಂದು ಪೆನ್ಸಿಲಿನಲ್ಲಿ ಗೀಚಿ ಮುಚ್ಚಳದ ಒಳಗೆ ಅಂಟಿಸಿ. ಪೆನ್ನಿನ ಶಾಯಿ ಒದ್ದೆಯಾದರೆ ಕದಡಿಹೋಗುತ್ತದೆ.