ಲೈಬ್ರರಿಯ ಮೂರು ಮೆಟ್ಟಿಲು

ನಮ್ಮ ಬಡಾವಣೆಯ ಲೈಬ್ರರಿಗೆ ಇರುವುದು ಮೂರೇ ಮೆಟ್ಟಿಲು. ಅಮ್ಮ ವೀಲ್‌ಚೇರ್ ಹಿಡಿದ ಮೇಲೆ ಆ ಮೂರೂ ಬೆಟ್ಟವಾದವು.

ನಿಮ್ಮಲ್ಲೂ ಇಂಥ ಕಟ್ಟಡವಿದ್ದರೆ ಮೊದಲೇ ಅರ್ಜಿ ಬರೆಯಲು ಕೂರಬೇಡಿ. ಐದಾರು ಜನರನ್ನು ಕರೆದು ಅಲ್ಲಿಗೆ ಹೋಗಿ. ವೀಲ್‌ಚೇರ್‌ನವರು, ಕಣ್ಣು ಕಾಣದವರು, ಕಂಕುಳಲ್ಲಿ ಮಗು ಇರುವ ತಾಯಿ, ಕೋಲು ಹಿಡಿದ ಅಜ್ಜ. ಅವರು ಮುಂದೆ ನಡೆಯಲಿ, ನೀವು ಹಿಂದಿನಿಂದ ಬರೆದುಕೊಳ್ಳಿ. ಸಂಜೆ ಕತ್ತಲಾದ ಮೇಲೂ ಒಂದು ಸುತ್ತು ಹಾಕಿ. ದೀಪ ಇಲ್ಲದ ಜಾಗ ಹಗಲಲ್ಲಿ ಗೊತ್ತಾಗುವುದಿಲ್ಲ, ಅಲ್ವಾ?

ಟೇಪು ಮರೆಯಬೇಡಿ. ಬಾಗಿಲಿಗೆ 90 ಸೆಂ.ಮೀ. ಅಗಲ ಬೇಕು. ರ‍್ಯಾಂಪ್ ಆದರೆ ಒಂದು ಅಡಿ ಎತ್ತರಕ್ಕೆ 12 ಅಡಿ ಉದ್ದ. ನಮ್ಮ ಮೆಟ್ಟಿಲುಗಳ ಎತ್ತರ ಒಂದೂವರೆ ಅಡಿ, ಅಂದರೆ 18 ಅಡಿ ರ‍್ಯಾಂಪ್. ಮೊದಲ ಸಲ ಯಾರನ್ನೂ ಕೇಳದೆ ಆರು ಅಡಿಗೇ ಮುಗಿಸಿದ್ದರು. ಅದು ರ‍್ಯಾಂಪ್ ಅಲ್ಲ, ಜಾರುಬಂಡೆ! ಅಮ್ಮನ ಕುರ್ಚಿ ಹಿಂದಕ್ಕೆ ಉರುಳಿದಾಗ ನನ್ನ ಎದೆ ಧಸಕ್ ಎಂದಿತು.

ಹಾಗಾಗಿ ಎರಡನೇ ಸಲ ಸಿಮೆಂಟ್ ಬೀಳುವ ಮೊದಲೇ ರಂಗೋಲಿ ಪುಡಿಯಲ್ಲಿ ನೆಲದ ಮೇಲೆ ಗೆರೆ ಹಾಕಿದೆವು. ಅಮ್ಮ ಅದರೊಳಗೆ ಕುರ್ಚಿ ತಿರುಗಿಸಿ ನೋಡಿದಳು. ಬಾಗಿಲ ಬಳಿ ಜಾಗ ಸಾಲಲಿಲ್ಲ. ಗೆರೆ ಅಳಿಸಿ ಮತ್ತೆ ಹಾಕಿದೆವು. ಖರ್ಚು ಒಂದು ಡಬ್ಬಿ ಪುಡಿ ಅಷ್ಟೇ.

ಅರ್ಜಿ ಆಮೇಲೆ. ಅಳತೆ, ಫೋಟೋ, ಎಲ್ಲರ ಸಹಿ ಇರಲಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಹೆಸರನ್ನೂ ಬರೆಯಿರಿ. ನಿಮ್ಮ ಪ್ರತಿಗೆ ಸ್ವೀಕೃತಿ ಸೀಲು ಹಾಕಿಸಿಕೊಳ್ಳದೆ ಕಚೇರಿಯಿಂದ ಹೊರಗೆ ಬರಬೇಡಿ.