ಮುಂಬೈಯಲ್ಲಿದ್ದು ಉಯಿಲು ಬರೆಯುವುದು ಹೇಗೆ?

ಉಯಿಲಿಗೆ ಸ್ಟ್ಯಾಂಪ್ ಪೇಪರ್ ಬೇಡ, ನೋಟರಿಯ ಮೊಹರೂ ಬೇಡ. ಬಿಳಿ ಹಾಳೆಯಲ್ಲಿ, ಕನ್ನಡದಲ್ಲೇ ಬರೆಯಬಹುದು. ಬರೆಯುವವರಿಗೆ 18 ತುಂಬಿರಬೇಕು, ಬುದ್ಧಿ ಸ್ವಾಧೀನದಲ್ಲಿರಬೇಕು. (ಮುಸ್ಲಿಮರಿಗೆ ನಿಯಮ ಬೇರೆ. ಗೋವಾದ ಕಾನೂನು ಅನ್ವಯಿಸುವವರು ಮಕ್ಕಳಿದ್ದರೆ ಅರ್ಧ ಆಸ್ತಿಯನ್ನಷ್ಟೇ ಇಷ್ಟಬಂದವರಿಗೆ ಬರೆಯಬಹುದು.)

ಮೊದಲು ಆಸ್ತಿಯ ಪಟ್ಟಿ ಮಾಡಿ. ಡೊಂಬಿವಲಿಯ ಫ್ಲ್ಯಾಟಾದರೆ ಸೊಸೈಟಿಯ ಹೆಸರು, ಫ್ಲ್ಯಾಟ್ ನಂಬರು, ಷೇರ್ ಸರ್ಟಿಫಿಕೇಟ್ ನಂಬರು. ಊರಿನ ಜಮೀನಾದರೆ ಸರ್ವೆ ನಂಬರು, ವಿಸ್ತೀರ್ಣ. ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ನಿಮ್ಮ ಪಾಲನ್ನಷ್ಟೇ ಬರೆಯಬಹುದು. ಅಳಿಯಸಂತಾನದ (ತಾಯಿಯ ಕಡೆಯಿಂದ ವಾರಸು ಸಾಗುವ ಪದ್ಧತಿಯ) ಕುಟುಂಬ, ಅದರ ಕವಲುಗಳಾದ ‘ಕವರು’ಗಳಲ್ಲಿರುವ ಪಾಲಿಗೂ ಇದೇ ಮಾತು. ಸೊಸೈಟಿಯಲ್ಲಿ ನಾಮಿನಿ ಹೆಸರು ಕೊಟ್ಟಾಗಿದೆಯಲ್ಲ ಎಂದು ಸುಮ್ಮನಿರಬೇಡಿ. ಸೊಸೈಟಿ ನಾಮಿನಿಯ ಹೆಸರನ್ನು ದಾಖಲಿಸಿಕೊಂಡರೂ ಒಡೆತನ ತೀರ್ಮಾನವಾಗುವುದು ಉಯಿಲಿನಿಂದ, ಇಲ್ಲವೇ ವಾರಸು ಕಾನೂನಿನಿಂದ.

ಹೆಚ್ಚಿನವರು ಎಡವುವುದು ಸಾಕ್ಷಿಗಳ ವಿಷಯದಲ್ಲಿ. 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯ 63ನೇ ಸೆಕ್ಷನ್ ಪ್ರಕಾರ ಕನಿಷ್ಠ ಇಬ್ಬರು ಸಾಕ್ಷಿಗಳು ಬೇಕು. ನೀವು ಸಹಿ ಅಥವಾ ಹೆಬ್ಬೆಟ್ಟು ಹಾಕುವುದನ್ನು ಇಬ್ಬರೂ ನೋಡಿರಬೇಕು, ಇಲ್ಲವೇ ಅದು ನಿಮ್ಮದೇ ಎಂದು ನೀವು ಅವರೆದುರು ಒಪ್ಪಿರಬೇಕು. ಬಳಿಕ ಅವರೂ ನಿಮ್ಮೆದುರೇ ಸಹಿ ಮಾಡಬೇಕು. ಕಾಗದವನ್ನು ಪಕ್ಕದ ಬಿಲ್ಡಿಂಗಿಗೆ ಕಳಿಸಿ ಸಹಿ ಹಾಕಿಸಿ ತಂದರೆ ಉಯಿಲು ನಿಲ್ಲದು. ಇಬ್ಬರೂ ಒಟ್ಟಿಗಿರಲೇಬೇಕೆಂದು ಕಾನೂನು ಹೇಳುವುದಿಲ್ಲ; ಆದರೂ ಒಟ್ಟಿಗೇ ಕೂರಿಸುವುದು ಕ್ಷೇಮ. ಒಳಗೆ ಬರೆದದ್ದನ್ನು ಅವರು ಓದಬೇಕಿಲ್ಲ.

ಆಸ್ತಿ ಪಡೆಯುವವರನ್ನು ಸಾಕ್ಷಿ ಮಾಡಬೇಡಿ. ಕ್ರೈಸ್ತರ ಉಯಿಲಿನಲ್ಲಿ ಸಾಕ್ಷಿಗೆ, ಸಾಕ್ಷಿಯ ಗಂಡ ಅಥವಾ ಹೆಂಡತಿಗೆ ಬರೆದ ಭಾಗ ರದ್ದಾಗುತ್ತದೆ. ಹಿಂದೂಗಳಲ್ಲಿ ರದ್ದಾಗದಿದ್ದರೂ ಕೋರ್ಟಿನಲ್ಲಿ ಅನುಮಾನ ಏಳುತ್ತದೆ. ನಿಮಗಿಂತ ಕಿರಿಯರನ್ನೇ ಆರಿಸಿ: ಉಯಿಲನ್ನು ಸಾಬೀತುಪಡಿಸುವಾಗ ಬದುಕಿರುವ ಸಾಕ್ಷಿಯೊಬ್ಬರಾದರೂ ಬಂದು ಹೇಳಬೇಕಾಗುತ್ತದೆ. ವಯಸ್ಸಾದವರು ಅದೇ ದಿನದ ವೈದ್ಯರ ಪ್ರಮಾಣಪತ್ರವನ್ನೂ ಇಟ್ಟುಕೊಳ್ಳಲಿ. ಕಡ್ಡಾಯವಲ್ಲ, ತಕರಾರು ಬಂದಾಗ ಉಪಯೋಗಕ್ಕೆ ಬರುತ್ತದೆ.

ಪ್ರತಿ ಪುಟಕ್ಕೂ ಸಹಿ ಇರಲಿ. ಸಹಿಯಾದ ಮೇಲೆ ಒಂದು ಸಾಲು ತಿದ್ದಿದರೂ ತಿದ್ದಿದಲ್ಲಿ ನೀವೂ ಸಾಕ್ಷಿಗಳೂ ಮತ್ತೆ ಸಹಿ ಮಾಡಬೇಕು. ಅದಕ್ಕಿಂತ ಹೊಸದನ್ನೇ ಬರೆಯುವುದು ಸುಲಭ.

ನೋಂದಣಿ ಕಡ್ಡಾಯವಲ್ಲ, ಆದರೆ ಮಾಡಿಸುವುದು ಒಳ್ಳೆಯದು. ಕನ್ನಡದ ಉಯಿಲಾದರೆ ಇಲ್ಲಿನ ಸಬ್ ರಿಜಿಸ್ಟ್ರಾರರಿಗೆ ಭಾಷೆ ತಿಳಿಯದಿರಬಹುದು. ಆಗ ನಿಖರವಾದ ಅನುವಾದ ಮತ್ತು ಒಂದು ನಕಲು ಜೊತೆಗಿಲ್ಲದಿದ್ದರೆ ವಾಪಸು ಕಳಿಸುತ್ತಾರೆ. ಇಂಗ್ಲಿಷಿನಲ್ಲೋ ಮರಾಠಿಯಲ್ಲೋ ಬರೆಸಿದಾಗ ನಿಮಗೆ ಆ ಭಾಷೆ ಬಾರದಿದ್ದರೆ, ಕನ್ನಡದಲ್ಲಿ ಓದಿ ತಿಳಿಸಲಾಗಿದೆ ಎಂಬ ಸಾಲನ್ನು ಸೇರಿಸಿ.

ತಾರೀಖು ಬರೆಯಲು ಮರೆಯಬೇಡಿ. ಹಿಂದಿನ ಉಯಿಲುಗಳೆಲ್ಲ ರದ್ದು ಎಂದೂ ಸ್ಪಷ್ಟವಾಗಿ ನಮೂದಿಸಿ. ನೋಂದಾಯಿತ ಹಳೆಯ ಉಯಿಲನ್ನು ಸರಿಯಾಗಿ ಬರೆದ, ನೋಂದಣಿಯಾಗದ ಹೊಸ ಉಯಿಲು ಕೂಡ ರದ್ದು ಮಾಡಬಲ್ಲದು.